ಹೆಡ್ ಟಾರ್ಚ್ ಕೊಳ್ಳುವಾಗ ಲೂಮೆನ್ ಬಿಡಿ, ಸೆಲ್ ನೋಡಿ

ಹೆಡ್ ಟಾರ್ಚ್ ಬಗ್ಗೆ ಒಂದಷ್ಟು ಪತ್ರಗಳು ಒಟ್ಟಿಗೇ ಬಂದಿವೆ. ಹಾಗಾಗಿ ಈ ಸಲದ ಪ್ರಶ್ನೋತ್ತರ ಪೂರ್ತಿ ಅದಕ್ಕೇ ಮೀಸಲು. ಕೇಳಿದವರ ಹೆಸರು ಬಿಟ್ಟು ಊರಿನ ಕಡೆಯನ್ನಷ್ಟೇ ಹಾಕಿದ್ದೇವೆ. ಮೊದಲ ಉತ್ತರ ಉದ್ದವಾಗಿದೆ. ಉಳಿದವರಿಗೂ ಬೇಕಾದ ಲೆಕ್ಕಾಚಾರ ಅದರಲ್ಲೇ ಇರುವುದರಿಂದ ದಯವಿಟ್ಟು ಅದನ್ನು ಬಿಟ್ಟು ಮುಂದೆ ಹೋಗಬೇಡಿ.

ಪ್ರಶ್ನೆ: ನನ್ನದು ರಬ್ಬರ್ ಟ್ಯಾಪಿಂಗ್ ಕೆಲಸ. ಬೆಳಗಿನ ಜಾವ ತೋಟಕ್ಕೆ ಇಳಿದರೆ ಬೆಳಕು ಹರಿಯುವವರೆಗೂ ತಲೆಗೆ ಕಟ್ಟಿದ ಲೈಟೇ ಗತಿ. ಈಗಾಗಲೇ ಮೂರು ಲೈಟು ಹಾಳಾಗಿವೆ. ಒಂದರಲ್ಲಿ ಚಾರ್ಜ್ ನಿಲ್ಲುವುದಿಲ್ಲ, ಒಂದರ ಕತ್ತು ಮುರಿಯಿತು, ಇನ್ನೊಂದಕ್ಕೆ ಮಳೆನೀರು ಹೋಯಿತು. ಈಗ ಅಂಗಡಿಯಲ್ಲಿ ‘50,000 ಲೂಮೆನ್’ ಎಂದು ಬರೆದಿರುವ ಒಂದನ್ನು ತೋರಿಸುತ್ತಿದ್ದಾರೆ. ತೆಗೆದುಕೊಳ್ಳಬಹುದಾ? ಬಾಳಿಕೆ ಬರುವಂಥದ್ದು ಯಾವುದು? – ಸುಳ್ಯ ಕಡೆಯ ಓದುಗರು

ಉತ್ತರ: ತೆಗೆದುಕೊಳ್ಳಬೇಡಿ. ಆ ಸಂಖ್ಯೆ ಸುಳ್ಳು. ಅದನ್ನು ತಿಳಿಯಲು ಪ್ರಯೋಗಾಲಯ ಬೇಕಿಲ್ಲ, ಕಾಗದದ ಮೇಲೆ ಎರಡು ಸಾಲು ಲೆಕ್ಕ ಮಾಡಿದರೆ ಸಾಕು. ಲೂಮೆನ್ ಅಂದರೆ ಹೊರಬರುವ ಬೆಳಕಿನ ಅಳತೆ. ಇವತ್ತಿನ ಒಳ್ಳೆಯ ಎಲ್‌ಇಡಿ ಟಾರ್ಚು ಒಂದು ವಾಟ್‌ಗೆ ಸುಮಾರು 100 ಲೂಮೆನ್ ಕೊಡುತ್ತದೆ, ತುಂಬಾ ಚೆನ್ನಾಗಿದ್ದರೆ 150ರ ಹತ್ತಿರ. ಹಾಗಾದರೆ 50,000 ಲೂಮೆನ್ ಬರಬೇಕಾದರೆ 300ರಿಂದ 500 ವಾಟ್ ಬೇಕು. ಅರ್ಧ ಎಚ್‌ಪಿ ಪಂಪಿನ ಮೋಟರಿಗೆ ಬೇಕಾಗುವಷ್ಟು ಪವರ್ ಅದು. ಹಣೆಗೆ ಕಟ್ಟುವ ಒಂದು ಸೆಲ್ಲಿನಿಂದ ಅಷ್ಟು ತೆಗೆಯುವುದು ಸಾಧ್ಯವೇ ಇಲ್ಲ. ಡಬ್ಬದ ಮೇಲೆ ಇಷ್ಟು ದೊಡ್ಡ ಸುಳ್ಳು ಬರೆದವರು ಒಳಗಿನ ಸೆಲ್, ವೈರು, ಚಾರ್ಜಿಂಗ್ ಸರ್ಕ್ಯೂಟ್ ವಿಷಯದಲ್ಲಿ ನಿಜ ಹೇಳುತ್ತಾರೆ ಅಂತ ನಂಬುವುದು ಹೇಗೆ?

ಈಗ ನಿಮ್ಮ ಮೂರು ಲೈಟುಗಳ ವಿಷಯ. ಮೂರರಲ್ಲಿ ಒಂದರಲ್ಲೂ ಬಲ್ಬ್ ಹಾಳಾಗಿಲ್ಲ, ಗಮನಿಸಿದಿರಾ? ಎಲ್‌ಇಡಿ ಸುಲಭಕ್ಕೆ ಸಾಯುವ ವಸ್ತುವಲ್ಲ. ಹೆಡ್ ಟಾರ್ಚು ಹಾಳಾಗುವುದು ಸೆಲ್ಲಿನಲ್ಲಿ, ಕತ್ತಿನಲ್ಲಿ, ಚಾರ್ಜಿಂಗ್ ತೂತಿನಲ್ಲಿ, ತಲೆಪಟ್ಟಿಯಲ್ಲಿ. ಅಂಗಡಿಗೆ ಹೋದಾಗ ಸ್ವಿಚ್ ಒತ್ತಿ ಗೋಡೆ ಮೇಲೆ ಬೆಳಕು ಬಿಟ್ಟು ‘ಆಹಾ’ ಅನ್ನುವುದಕ್ಕಿಂತ ಈ ನಾಲ್ಕನ್ನು ನೋಡಬೇಕು.

ಮೊದಲು ಸೆಲ್. ಲಿಥಿಯಂ ಅಯಾನ್ ಸೆಲ್ಲು ಎಷ್ಟೇ ಒಳ್ಳೆಯದಾದರೂ ಕೆಲವು ನೂರು ಸಲ ಚಾರ್ಜ್ ಆದ ಮೇಲೆ ಸೊರಗುತ್ತದೆ. ನಿಮ್ಮ ಹಾಗೆ ದಿನಾ ಬಳಸುವವರಿಗೆ ಅಂದರೆ ಎರಡು, ಮೂರು ವರ್ಷ. ಸೆಲ್ಲನ್ನು ಒಳಗೇ ಬೆಸೆದು ಮುಚ್ಚಿದ ಟಾರ್ಚಾದರೆ ಆ ದಿನ ಇಡೀ ಟಾರ್ಚನ್ನೇ ಎಸೆಯಬೇಕು. ಸೆಲ್ ತೆಗೆದು ಹಾಕುವಂತಿದ್ದರೆ ಹೊಸದೊಂದು ಹಾಕಿಕೊಂಡು ಮತ್ತೆ ಎರಡು, ಮೂರು ವರ್ಷ ಓಡಿಸಬಹುದು. ಬಾಳಿಕೆ ಅಂತ ನೀವು ಕೇಳಿದ್ದಕ್ಕೆ ನನ್ನ ಉತ್ತರದ ಮುಕ್ಕಾಲು ಭಾಗ ಇದೇ: ಸೆಲ್ ಬದಲಾಯಿಸಲು ಬರದ ಹೆಡ್ ಟಾರ್ಚನ್ನು ದಿನದ ಕೆಲಸಕ್ಕೆ ಕೊಳ್ಳಬೇಡಿ.

ಅದರಲ್ಲೂ 18650 ಅನ್ನುವ ಸೆಲ್ ಹಾಕುವಂಥದ್ದನ್ನು ಹುಡುಕಿ. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ ಇರುತ್ತದೆ, ಅದಕ್ಕೇ ಆ ಸಂಖ್ಯೆ. ಪವರ್ ಬ್ಯಾಂಕು, ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಇಂಥ ಎಷ್ಟೋ ಕಡೆ ಇರುವುದು ಇದೇ ಆದ್ದರಿಂದ ಸಿಗುವುದು ಕಷ್ಟವಲ್ಲ. ಆದರೆ ಇಲ್ಲೂ ಮೋಸ ಜಾಸ್ತಿ. ಸ್ಯಾಮ್‌ಸಂಗ್, ಎಲ್‌ಜಿ, ಪ್ಯಾನಾಸೋನಿಕ್‌ನಂಥ ಕಂಪನಿಗಳ ಒಳ್ಳೆಯ 18650 ಸೆಲ್ ಸಾಮಾನ್ಯವಾಗಿ 2,500ರಿಂದ 3,500 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಇರುತ್ತದೆ. ಅದೇ ಅಳತೆಯ ಸೆಲ್ ಮೇಲೆ 9,900 ಎಂಎಎಚ್ ಅಂತ ಬರೆದಿದ್ದರೆ ಅಲ್ಲೇ ಇಟ್ಟು ಬನ್ನಿ. ಅನುಮಾನ ಬಂದರೆ ತೂಗಿ ನೋಡಿ. ಗ್ರಾಂ ಲೆಕ್ಕ ತೋರಿಸುವ ತಕ್ಕಡಿ ಎಲ್ಲಾದರೂ ಸಿಗುತ್ತದೆ. ನಿಜವಾದ ಸೆಲ್ಲು 45ರಿಂದ 50 ಗ್ರಾಂ ತೂಗುತ್ತದೆ. ತಕ್ಕಡಿ 30 ಗ್ರಾಂ ತೋರಿಸಿದರೆ ಒಳಗೆ ಇರಬೇಕಾದ ಸರಕು ಇಲ್ಲ ಅಂತಲೇ ಅರ್ಥ. ಜೊತೆಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಗುರುತು ಮತ್ತು ‘ಆರ್’ ಅಕ್ಷರದಿಂದ ಶುರುವಾಗುವ ಸಂಖ್ಯೆ ಇದೆಯಾ ನೋಡಿ. ಲಿಥಿಯಂ ಸೆಲ್‌ಗಳಿಗೆ ನಮ್ಮಲ್ಲಿ ಆ ನೋಂದಣಿ ಕಡ್ಡಾಯ. ಬಿಐಎಸ್ ಕೇರ್ ಅನ್ನುವ ಸರ್ಕಾರಿ ಆಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾರ ಹೆಸರಿನಲ್ಲಿದೆ ಅಂತ ತೋರಿಸುತ್ತದೆ.

ಇನ್ನೊಂದು ವಿಷಯ. ಕೆಲವು 18650 ಸೆಲ್‌ಗಳ ತುದಿಯಲ್ಲಿ ರಕ್ಷಣೆಗೆ ಪುಟ್ಟ ಸರ್ಕ್ಯೂಟ್ ಇರುತ್ತದೆ. ಅವು ಮೂರು, ನಾಲ್ಕು ಮಿ.ಮೀ. ಉದ್ದ ಜಾಸ್ತಿ. ಕೆಲವು ಟಾರ್ಚಿನಲ್ಲಿ ಅವು ಕೂರುವುದೇ ಇಲ್ಲ. ಹಾಗಾಗಿ ಹೊಸ ಸೆಲ್ ತರುವಾಗ ಟಾರ್ಚನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ.

ಎರಡನೆಯದು ಕತ್ತು. ಬೆಳಕನ್ನು ಮೇಲೆ ಕೆಳಗೆ ಬಾಗಿಸುವ ಪ್ಲಾಸ್ಟಿಕ್ ಕೀಲು ಮೊದಲು ಸಡಿಲವಾಗುತ್ತದೆ, ಆಮೇಲೆ ಬೆಳಕು ತಾನೇ ಕೆಳಗೆ ಬೀಳುತ್ತದೆ, ಕೊನೆಗೆ ಮುರಿಯುತ್ತದೆ. ಇದಕ್ಕೆ ಸುಲಭದ ಪರಿಹಾರ ಅಂದರೆ ಕೀಲೇ ಇಲ್ಲದ ಟಾರ್ಚು. ಕೆಲವು ಟಾರ್ಚುಗಳು ಹೆಬ್ಬೆರಳು ಗಾತ್ರದ ಅಲ್ಯೂಮಿನಿಯಂ ಕೊಳವೆ ತರಹ ಇರುತ್ತವೆ, ಹಣೆ ಮೇಲೆ ಅಡ್ಡಡ್ಡ ಮಲಗುತ್ತವೆ, ಬೆಳಕು ಪಕ್ಕದಿಂದ ಮುಂದಕ್ಕೆ ಬರುತ್ತದೆ. ತಲೆಪಟ್ಟಿಗೆ ಹೊಲಿದಿರುವ ರಬ್ಬರ್ ಬಳೆಯೊಳಗೆ ಆ ಕೊಳವೆ ಕೂತಿರುತ್ತದೆ. ಬೆಳಕು ಕೆಳಗೆ ಬೇಕಾದರೆ ಕೊಳವೆಯನ್ನೇ ಬೆರಳಿನಿಂದ ತಿರುಗಿಸಿದರಾಯಿತು. ಮುರಿಯಲು ಅಲ್ಲಿ ಏನೂ ಇಲ್ಲ. ಸೆಲ್ಲನ್ನೂ ತಿರುಪು ಮುಚ್ಚಳ ಬಿಚ್ಚಿ ತೆಗೆಯಬಹುದು. ಸೋಫಿರ್ನ್‌ನ ಎಸ್‌ಪಿ40 ಈ ಜಾತಿಯದು. ಸ್ವಲ್ಪ ಜಾಸ್ತಿ ದುಡ್ಡು ಹಾಕುವವರಿಗೆ ಫೀನಿಕ್ಸ್‌ನ ಎಚ್‌ಎಂ65ಆರ್ ಇದೆ. ಅದರ ಮೈ ಮೆಗ್ನೀಸಿಯಂನದು, ಅದಕ್ಕೂ 18650 ಸೆಲ್ಲೇ. ಇವೇ ಆಗಬೇಕು ಅಂತಲ್ಲ, ಈ ತರಹದ್ದು ಆಗಬೇಕು.

ಕೀಲಿರುವ ಟಾರ್ಚನ್ನೇ ಕೊಳ್ಳುವುದಾದರೆ ಅಂಗಡಿಯಲ್ಲೇ ಹತ್ತಾರು ಸಲ ಮೇಲೆ ಕೆಳಗೆ ಮಾಡಿ. ಪ್ರತಿ ಹಂತಕ್ಕೂ ಟಕ್ ಟಕ್ ಅಂತ ಗಟ್ಟಿಯಾಗಿ ನಿಲ್ಲಬೇಕು. ಸುಮ್ನೆ ಜಾರಿದರೆ ಬೇಡ.

ಮೂರನೆಯದು ಚಾರ್ಜಿಂಗ್ ತೂತು, ಅದರ ಶತ್ರು ನೀರು. ನಿಮ್ಮ ಕಡೆಯ ಮಳೆ ಗೊತ್ತಲ್ಲ. ಡಬ್ಬದ ಮೇಲೆ ‘ವಾಟರ್‌ಪ್ರೂಫ್’ ಅಂತ ಸುಮ್ಮನೆ ಬರೆದಿದ್ದರೆ ಅದಕ್ಕೆ ಬೆಲೆ ಇಲ್ಲ, ಐಪಿ ಅಂಕಿ ಇರಬೇಕು. ಐಪಿಎಕ್ಸ್4 ಅಂದರೆ ಎಲ್ಲ ಕಡೆಯಿಂದ ನೀರು ಸಿಡಿದರೂ ತಡೆಯುತ್ತದೆ. ಐಪಿಎಕ್ಸ್7 ಅಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಇದ್ದರೂ ತೊಂದರೆ ಇಲ್ಲ. ಎಕ್ಸ್ ಇರುವ ಜಾಗದಲ್ಲಿ 6 ಇದ್ದರೆ, ಅಂದರೆ ಐಪಿ67 ಅಂತ ಇದ್ದರೆ, ದೂಳೂ ಒಳಗೆ ಹೋಗುವುದಿಲ್ಲ. ನಿಮಗೆ ಐಪಿಎಕ್ಸ್7 ಅಥವಾ ಅದಕ್ಕಿಂತ ಮೇಲಿನದು ಇರಲಿ. ಮಳೆಗಿಂತ ಬೆವರು ಕೆಟ್ಟದ್ದು, ಅದರಲ್ಲಿ ಉಪ್ಪಿದೆ, ಚಾರ್ಜಿಂಗ್ ತೂತಿನ ಒಳಗಿನ ಲೋಹವನ್ನು ಅದು ತಿನ್ನುತ್ತದೆ. ಈ ಅಂಕಿ ಎಲ್ಲ ರಬ್ಬರ್ ಮುಚ್ಚಳ ಸರಿಯಾಗಿ ಒತ್ತಿ ಮುಚ್ಚಿದ್ದರೆ ಮಾತ್ರ ನಿಜ. ಮುಚ್ಚಳ ಕಿತ್ತುಹೋದ ದಿನದಿಂದ ಅದು ನೀರು ತಡೆಯುವ ಟಾರ್ಚಲ್ಲ. ಹೊರಗಿನ ಚಾರ್ಜರ್‌ನಲ್ಲಿ ಸೆಲ್ಲನ್ನು ಬೇರೆಯಾಗಿ ಚಾರ್ಜ್ ಮಾಡಿಕೊಂಡರೆ ಆ ಮುಚ್ಚಳವನ್ನು ದಿನಾ ತೆಗೆಯುವ ಅಗತ್ಯವೇ ಬೀಳುವುದಿಲ್ಲ. ಸೆಲ್ ತೆಗೆಯಲು ಬರುವ ಟಾರ್ಚಿನ ಇನ್ನೊಂದು ಲಾಭ ಇದು. ತಿರುಪಿನ ಬುಡದಲ್ಲಿರುವ ರಬ್ಬರ್ ರಿಂಗಿಗೆ ಆಗಾಗ ಒಂದು ಚೂರು ಸಿಲಿಕೋನ್ ಗ್ರೀಸ್ ಸವರಿ. ಅಡುಗೆ ಎಣ್ಣೆ, ಎಂಜಿನ್ ಆಯಿಲ್ ಬೇಡ, ರಿಂಗ್ ಉಬ್ಬಿ ಹಾಳಾಗಬಹುದು.

ಜೂಮ್ ಇರುವ ಟಾರ್ಚು, ಅಂದರೆ ಮುಂದಿನ ಗಾಜನ್ನು ಎಳೆದು ಬೆಳಕು ಚಿಕ್ಕದು ದೊಡ್ಡದು ಮಾಡುವಂಥದ್ದು, ಮಳೆ ನಾಡಿಗೆ ಬೇಡ. ಎಳೆದಾಗ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ಗಾಳಿ ಜೊತೆ ತೇವವೂ ಬರುತ್ತದೆ.

ಇನ್ನು ನಿಮ್ಮ ಕೆಲಸಕ್ಕೆ ಎಂಥ ಬೆಳಕು ಬೇಕು ಅನ್ನುವುದು. ಟ್ಯಾಪಿಂಗ್ ಮಾಡುವಾಗ ಮುಖಕ್ಕೂ ಮರಕ್ಕೂ ಇರುವುದು ಒಂದು ಮೊಳ ದೂರ. ತೊಗಟೆಯನ್ನು ತೆಳ್ಳಗೆ ಕೆತ್ತುತ್ತಾ ಒಳಗಿನ ಜೀವಪದರಕ್ಕೆ ಇನ್ನೊಂದು ಮಿಲಿಮೀಟರ್ ಇದೆ ಅನ್ನುವಾಗ ಕತ್ತಿ ನಿಲ್ಲಬೇಕು. ಕಡಿಮೆ ಕೆತ್ತಿದರೆ ಹಾಲು ಕಡಿಮೆ, ಜಾಸ್ತಿ ಕೆತ್ತಿದರೆ ಮರಕ್ಕೆ ಗಾಯ, ಮುಂದೆ ಆ ಜಾಗದಲ್ಲಿ ತೊಗಟೆ ಗಂಟು ಗಂಟಾಗಿ ಬೆಳೆಯುತ್ತದೆ. ಇಷ್ಟು ನಾಜೂಕು ಕೆಲಸಕ್ಕೆ ನೂರು ಮೀಟರ್ ದೂರ ಹೋಗುವ ಚೂಪು ಬೆಳಕು ಪ್ರಯೋಜನವಿಲ್ಲ. ಅದು ಹಸಿ ತೊಗಟೆ ಮೇಲೆ ಬಿದ್ದು ಕಣ್ಣಿಗೇ ವಾಪಸ್ ಹೊಡೆಯುತ್ತದೆ, ನಡುವೆ ಬೆಳ್ಳಗಿನ ಮಚ್ಚೆ, ಸುತ್ತ ಕತ್ತಲು. ನಿಮಗೆ ಬೇಕಾದ್ದು ಒಂದೇ ಸಮನೆ ಹರಡುವ ಬೆಳಕು. ಕೆಲಸಕ್ಕೆ 80ರಿಂದ 150 ಲೂಮೆನ್ ಸಾಕೇ ಸಾಕು. ಮರದಿಂದ ಮರಕ್ಕೆ ನಡೆಯುವಾಗ 200 ಇದ್ದರೆ ಚೆನ್ನ. ಅಂಗಡಿಯಲ್ಲಿ ನೋಡುವಾಗ ದೂರದ ಗೋಡೆಗೆ ಬಿಡಬೇಡಿ. ನಿಮ್ಮ ಅಂಗೈಯನ್ನು ಮೊಳದ ದೂರದಲ್ಲಿ ಹಿಡಿದು ನೋಡಿ. ಕೈಯ ಗೆರೆಗಳೆಲ್ಲ ಸ್ಪಷ್ಟ ಕಾಣಬೇಕು, ಚರ್ಮದ ಬಣ್ಣ ಹೆಣದ ಹಾಗೆ ನೀಲಿಗಟ್ಟಬಾರದು. ‘ಸಿಆರ್‌ಐ 90’ ಅಂತ ಬರೆದಿದ್ದರೆ ಬಣ್ಣ ಸಹಜವಾಗಿ ಕಾಣುವ ಬೆಳಕು ಅಂತ ಅರ್ಥ. ತೊಗಟೆಯ ಪದರದ ಬಣ್ಣ ನೋಡಿ ಕೆತ್ತುವವರಿಗೆ ಅದು ತುಂಬಾ ಉಪಯೋಗ.

ಎಷ್ಟು ಹೊತ್ತು ಉರಿಯುತ್ತದೆ ಅನ್ನುವುದನ್ನೂ ನೀವೇ ಲೆಕ್ಕ ಹಾಕಬಹುದು. 3,000 ಎಂಎಎಚ್ ಸೆಲ್ ಅಂದರೆ 3 ಆಂಪಿಯರ್ ಗಂಟೆ, ಅದಕ್ಕೆ 3.6 ವೋಲ್ಟ್ ಗುಣಿಸಿದರೆ ಸುಮಾರು 10.8 ವಾಟ್ ಗಂಟೆ. ವಾಟ್‌ಗೆ 100 ಲೂಮೆನ್ ಲೆಕ್ಕದಲ್ಲಿ 200 ಲೂಮೆನ್‌ಗೆ 2 ವಾಟ್, ಅಂದರೆ ಐದು ಗಂಟೆ ಬರುತ್ತದೆ. 100 ಲೂಮೆನ್ ಆದರೆ ಹತ್ತು ಗಂಟೆ. ನಿಮ್ಮ ಬೆಳಗಿನ ಕೆಲಸಕ್ಕೆ ಧಾರಾಳವಾಯಿತು. ಅದೇ 1,000 ಲೂಮೆನ್‌ನಲ್ಲಿ ಇಟ್ಟರೆ ಒಂದು ಗಂಟೆ, ಅದೂ ಹಣೆ ಬಿಸಿಯಾಗುವಷ್ಟು ಕಾಯುತ್ತದೆ.

ಒಳ್ಳೆಯ ಕಂಪನಿಗಳ ಡಬ್ಬದ ಮೇಲೆ ‘ಎಫ್‌ಎಲ್1’ ಅಂತ ಒಂದು ಗುರುತು ಇರುತ್ತದೆ. ಟಾರ್ಚುಗಳನ್ನು ಒಂದೇ ರೀತಿ ಅಳೆಯಲು 2009ರಲ್ಲಿ ಅಮೆರಿಕದಲ್ಲಿ ಮಾಡಿದ ಮಾನದಂಡ ಅದು. ಅದಿದ್ದರೆ ಅಂಕಿಗಳನ್ನು ನಂಬಬಹುದು, ಆದರೆ ಒಂದು ಸೂಕ್ಷ್ಮ ತಿಳಿದಿರಲಿ. ಉರಿಯುವ ಸಮಯವನ್ನು ಅಲ್ಲಿ ಬೆಳಕು ಮೊದಲಿನ ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗೂ ಎಣಿಸುತ್ತಾರೆ. ‘300 ಲೂಮೆನ್, 12 ಗಂಟೆ’ ಅಂದರೆ 12 ಗಂಟೆಯೂ 300 ಇರುತ್ತದೆ ಅಂತಲ್ಲ, ಕೊನೆಯ ಗಂಟೆಗಳು ಬರೀ 30 ಲೂಮೆನ್‌ನವು ಆಗಿರಬಹುದು.

ಸ್ವಿಚ್ಚನ್ನು ಕೈಗೆ ರಬ್ಬರ್ ಹಾಲು ಮೆತ್ತಿಕೊಂಡಿರುವಾಗ ಒತ್ತುವುದನ್ನು ಮನಸ್ಸಿನಲ್ಲಿಟ್ಟು ನೋಡಿ. ದೊಡ್ಡದಾಗಿ, ಉಬ್ಬಿಕೊಂಡು, ನೋಡದೆಯೇ ಬೆರಳಿಗೆ ಸಿಗುವಂತಿರಬೇಕು. ಸಂದುಗಳಿರುವ ಸ್ವಿಚ್ ಆದರೆ ಹಾಲು ಅಲ್ಲೇ ಹೆಪ್ಪುಗಟ್ಟಿ ಕೂರುತ್ತದೆ. ಕೈ ಬೀಸಿದರೆ ಹತ್ತಿ ಆರುವ ಸೆನ್ಸರ್ ಟಾರ್ಚು ಬೇಡವೇ ಬೇಡ. ಮುಖದ ಮುಂದೆ ಕೈ ಆಡುತ್ತಲೇ ಇರುವ ಕೆಲಸ ನಿಮ್ಮದು, ಕತ್ತಿ ತೊಗಟೆಯಲ್ಲಿರುವಾಗ ಬೆಳಕು ಆರಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ನಾಲ್ಕನೆಯದು ತಲೆಪಟ್ಟಿ. ಅದು ಕಳಚಿ ಒಗೆಯುವಂತಿರಲಿ, ಬೇರೆ ಪಟ್ಟಿ ಸಿಗುವಂತಿರಲಿ. ಬೆವರಿಗೆ ಎಲಾಸ್ಟಿಕ್ ಬೇಗ ಸಡಿಲವಾಗುತ್ತದೆ, ವಾರಕ್ಕೊಮ್ಮೆ ತಣ್ಣೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿದರೆ ಎಷ್ಟೋ ಕಾಲ ಬರುತ್ತದೆ.

ಎಲೆ ಉದುರುವ ಕಾಲದಲ್ಲಿ ಟ್ಯಾಪಿಂಗ್ ನಿಲ್ಲಿಸುತ್ತೀರಲ್ಲ, ಆಗ ಸೆಲ್ಲನ್ನು ಅರ್ಧ ಚಾರ್ಜ್ ಮಾಡಿ, ಹೊರಗೆ ತೆಗೆದು, ತಂಪಾದ ಜಾಗದಲ್ಲಿಡಿ. ಪೂರ್ತಿ ಖಾಲಿ ಮಾಡಿ ತಿಂಗಳುಗಟ್ಟಲೆ ಬಿಟ್ಟರೆ ಮತ್ತೆ ಏಳುವುದಿಲ್ಲ. ಬಿಡಿ ಸೆಲ್ಲನ್ನು ಕೀಲಿ, ಚಿಲ್ಲರೆ ಇರುವ ಜೇಬಿನಲ್ಲಿ ಖಂಡಿತ ಹಾಕಬೇಡಿ, ಶಾರ್ಟ್ ಆಗಿ ಬೆಂಕಿ ಹೊತ್ತಿಕೊಳ್ಳಬಹುದು. ಅದಕ್ಕೆಂದೇ ಪ್ಲಾಸ್ಟಿಕ್ ಡಬ್ಬಿ ಸಿಗುತ್ತದೆ. ಉಬ್ಬಿದ, ಹೊದಿಕೆ ಹರಿದ, ಚಾರ್ಜ್ ಆಗುವಾಗ ಕೈ ಸುಡುವ ಸೆಲ್ಲನ್ನು ಇನ್ನೊಂದು ಸಲ ಬಳಸಬೇಡಿ.

ಪ್ರಶ್ನೆ: ನಮ್ಮ ಹೊಲಕ್ಕೆ ಮೂರು ಫೇಸ್ ಕರೆಂಟು ಹೆಚ್ಚಾಗಿ ರಾತ್ರಿಯೇ ಕೊಡುತ್ತಾರೆ. ಒಂದು ಕೈಯಲ್ಲಿ ಸಲಿಕೆ ಇರುತ್ತದೆ, ವಾಲ್ವ್ ತಿರುಗಿಸಬೇಕು, ಹಾಗಾಗಿ ಹೆಡ್ ಟಾರ್ಚ್ ತರಬೇಕು ಅಂತಿದ್ದೇನೆ. ಹಾವಿನ ಭಯ ಇದೆ. ಹೆಡ್ ಟಾರ್ಚು ಇದ್ದರೆ ಕೈ ಟಾರ್ಚು ಬಿಡಬಹುದಾ? – ಚಿತ್ರದುರ್ಗ ಕಡೆಯ ಓದುಗರು

ಉತ್ತರ: ಬಿಡಬೇಡಿ, ದಯವಿಟ್ಟು ಎರಡೂ ಇಟ್ಟುಕೊಳ್ಳಿ. ಇದಕ್ಕೆ ಕಾರಣ ಇದೆ. ಹೆಡ್ ಟಾರ್ಚಿನ ಬೆಳಕು ನಿಮ್ಮ ಕಣ್ಣಿನ ಪಕ್ಕದಿಂದಲೇ ಹೊರಡುತ್ತದೆ. ಹಾಗಾಗಿ ನೆಲದ ಮೇಲಿನ ವಸ್ತುವಿನ ನೆರಳು ಆ ವಸ್ತುವಿನ ಹಿಂದೆಯೇ ಅಡಗುತ್ತದೆ, ನಿಮಗೆ ಕಾಣುವುದಿಲ್ಲ. ನೆರಳಿಲ್ಲದಿದ್ದರೆ ಉಬ್ಬು ತಗ್ಗು ಎಲ್ಲ ಒಂದೇ ಸಮ ಕಾಣುತ್ತದೆ. ಒಣ ಎಲೆ ಬಣ್ಣದ ಕೊಳಕು ಮಂಡಲ ಬದುವಿನ ಪಕ್ಕ ಸುತ್ತಿಕೊಂಡು ಮಲಗಿದ್ದರೆ ಅದೂ ನೆಲದಲ್ಲೇ ಬೆರೆತುಹೋಗುತ್ತದೆ. ಅದೇ ಟಾರ್ಚನ್ನು ಕೈಯಲ್ಲಿ ಮೊಣಕಾಲಿನ ಎತ್ತರಕ್ಕೆ ಹಿಡಿದು ನೋಡಿ. ಚಿಕ್ಕ ಕಲ್ಲಿಗೂ ಉದ್ದನೆಯ ನೆರಳು ಬೀಳುತ್ತದೆ, ಹಾವಿದ್ದರೆ ಎದ್ದು ಕಾಣುತ್ತದೆ.

ಕೆಲವರು ಕಣ್ಣು ಹೊಳೆಯುತ್ತದಲ್ಲ, ಗೊತ್ತಾಗುತ್ತದೆ ಅನ್ನುತ್ತಾರೆ. ದನ, ಬೆಕ್ಕು, ಚಿರತೆ ಕಣ್ಣು ಹೊಳೆಯುತ್ತದೆ, ನಿಜ. ಜೇಡದ ಕಣ್ಣು ಕೂಡ ಪುಟ್ಟ ಚುಕ್ಕಿಯ ಹಾಗೆ ಮಿನುಗುತ್ತದೆ, ಹೆಡ್ ಟಾರ್ಚ್ ಹಾಕಿಕೊಂಡರೆ ಅದು ಚೆನ್ನಾಗಿ ಕಾಣುತ್ತದೆ. ಆದರೆ ಹಾವಿನ ಕಣ್ಣಿನಲ್ಲಿ ಹಾಗೆ ಬೆಳಕನ್ನು ವಾಪಸ್ ಕಳಿಸುವ ಪದರ ಇಲ್ಲ. ಅದನ್ನು ನಂಬಿಕೊಂಡು ಕಾಲಿಡಬೇಡಿ.

ಹಾಗಾಗಿ ನಡೆಯುವಾಗ ಕೈ ಟಾರ್ಚು, ನಿಂತು ಕೆಲಸ ಮಾಡುವಾಗ ಹೆಡ್ ಟಾರ್ಚು. ಎರಡು ಕೈಯೂ ಬೇಕೇ ಬೇಕು ಅಂದರೆ ಹೆಡ್ ಟಾರ್ಚನ್ನು ಹಣೆ ಬಿಟ್ಟು ಸೊಂಟಕ್ಕೆ ಕಟ್ಟಿ ನಡೆಯಿರಿ. ಪಟ್ಟಿ ಉದ್ದ ಮಾಡಿದರೆ ಬೆಲ್ಟಿನ ಮೇಲೆ ಕೂರುತ್ತದೆ, ನೆರಳೂ ಬೀಳುತ್ತದೆ. ವಾಲ್ವ್ ಬಾಕ್ಸಿನೊಳಗೆ ಕೈ ಹಾಕುವ ಮೊದಲು ಒಳಗೆಲ್ಲ ಬೆಳಕು ಬಿಟ್ಟು, ಕೋಲಿನಿಂದ ಒಮ್ಮೆ ಆಡಿಸಿ. ಗಮ್‌ಬೂಟು ಹಾಕಿಕೊಳ್ಳಿ. ಎಷ್ಟೇ ಬೆಳಕಿದ್ದರೂ ಅದು ಬೂಟಿನ ಬದಲಿಗೆ ಆಗುವುದಿಲ್ಲ. ಕಚ್ಚಿದ್ದೇ ಆದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಏನೂ ಬೇಡ, 108ಕ್ಕೆ ಫೋನ್ ಮಾಡಿ ಅಥವಾ ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಹೋಗಿ. ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ ಔಷಧ. ಹಾವನ್ನು ಹಿಡಿದು ತರುವುದಕ್ಕೆ ಹೊತ್ತು ಕಳೆಯಬೇಡಿ.

ಟಾರ್ಚಿನ ಆಯ್ಕೆ ಮೊದಲ ಉತ್ತರದಂತೆಯೇ. ನಿಮಗೆ ಮಾತ್ರ ಹರಡುವ ಬೆಳಕಿನ ಜೊತೆ ದೂರಕ್ಕೆ ಬೀಳುವ ಇನ್ನೊಂದು ಎಲ್‌ಇಡಿ ಇರುವ ಟಾರ್ಚು ಒಳ್ಳೆಯದು, ಹೊಲದ ಆ ತುದಿಯಲ್ಲಿ ಹಂದಿ ಇದೆಯಾ ಅಂತ ನೋಡಲು ಬೇಕಾಗುತ್ತದೆ.

ಪ್ರಶ್ನೆ: ನಮ್ಮ ತಾತ ಕೆಜಿಎಫ್ ಗಣಿಯಲ್ಲಿದ್ದವರು. ಗಣಿಯವರು ಹೆಲ್ಮೆಟ್‌ಗೆ ಹಾಕುವಂಥ ಲೈಟೇ ಎಲ್ಲಕ್ಕಿಂತ ಗಟ್ಟಿ ಅಂತ ಮನೆಯಲ್ಲಿ ಹೇಳುತ್ತಾರೆ. ಮನೆ ಕೆಲಸಕ್ಕೆ ಅದನ್ನೇ ಕೊಳ್ಳಬಹುದಾ? – ಬಂಗಾರಪೇಟೆ ಕಡೆಯ ಓದುಗರು

ಉತ್ತರ: ಗಟ್ಟಿ ಅನ್ನುವುದು ನಿಜ. ಗಣಿಯ ಕ್ಯಾಪ್ ಲ್ಯಾಂಪನ್ನು ಇಡೀ ಪಾಳಿ ಉರಿಯಬೇಕು, ಕೆಳಗೆ ಬಿದ್ದರೂ ಒಡೆಯಬಾರದು ಅಂತ ಕಟ್ಟಿರುತ್ತಾರೆ. ಭೂಮಿಯ ಮೂರು ಕಿಲೋಮೀಟರ್ ಆಳದವರೆಗೆ ಇಳಿದಿದ್ದ ಕೆಜಿಎಫ್‌ನಂಥ ಗಣಿಯಲ್ಲಿ ಆ ಬೆಳಕು ಆರಿದರೆ ಕೈಬೆರಳು ಕೂಡ ಕಾಣುವುದಿಲ್ಲ. ಕೆಜಿಎಫ್ 2001ರಲ್ಲಿ ಮುಚ್ಚಿತು. ರಾಯಚೂರಿನ ಹಟ್ಟಿಯಲ್ಲಿ ಈಗಲೂ ಚಿನ್ನ ತೆಗೆಯುತ್ತಿದ್ದಾರೆ. ಹಳೆಯ ಮಾದರಿಯಲ್ಲಿ ಲೆಡ್ ಆಸಿಡ್ ಬ್ಯಾಟರಿ ಸೊಂಟದ ಬೆಲ್ಟಿನಲ್ಲಿ, ಅಲ್ಲಿಂದ ದಪ್ಪ ಕೇಬಲ್ ಹೆಲ್ಮೆಟ್‌ಗೆ. ಭಾರ ಜಾಸ್ತಿ. ಈಗಿನವು ಲಿಥಿಯಂನವು, ಹಗುರ.

ಮನೆಗೆ, ತೋಟಕ್ಕೆ ಅಷ್ಟೆಲ್ಲ ಬೇಕಿಲ್ಲ. ಬೆಲೆ ಜಾಸ್ತಿ, ಚಾರ್ಜರ್ ಬೇರೆಯದೇ, ಸೆಲ್ ಹೋದರೆ ಊರಲ್ಲಿ ಸಿಗುವುದಿಲ್ಲ. ಆದರೆ ಆ ದೀಪದಿಂದ ಒಂದು ಒಳ್ಳೆಯ ಯೋಚನೆ ತೆಗೆದುಕೊಳ್ಳಬಹುದು: ಭಾರವನ್ನು ಹಣೆ ಮೇಲಿಂದ ಇಳಿಸುವುದು. ತಾಸುಗಟ್ಟಲೆ ತಲೆ ಬಗ್ಗಿಸಿ ಕೆಲಸ ಮಾಡುವವರು, ಉದಾಹರಣೆಗೆ ಗಾಡಿ ಮೆಕ್ಯಾನಿಕ್‌ಗಳು, ಬೆಳಕು ಮುಂದೆ ಸೆಲ್ ಡಬ್ಬಿ ತಲೆಯ ಹಿಂದೆ ಇರುವ ಮಾದರಿ ಕೊಂಡರೆ ಕುತ್ತಿಗೆ ನೋವು ಕಡಿಮೆ. ಅದರಲ್ಲಿ ವೈರು ಡಬ್ಬಿಯೊಳಗೆ ಹೋಗುವ ಜಾಗ ನೋಡಿ. ಅಲ್ಲಿ ರಬ್ಬರ್ ತೋಳು ಇಲ್ಲದಿದ್ದರೆ ವೈರು ಮಡಚಿ ಮಡಚಿ ಒಳಗೇ ತುಂಡಾಗುತ್ತದೆ.

ಪ್ರಶ್ನೆ: ಗೋಬರ್ ಗ್ಯಾಸ್ ಗುಂಡಿ ಕಟ್ಟಿಕೊಂಡಿದೆ. ಇಳಿದು ಸ್ವಚ್ಛ ಮಾಡಲು ಹೆಡ್ ಟಾರ್ಚ್ ಯಾವುದು ಒಳ್ಳೆಯದು? – ಶಿರಸಿ ಕಡೆಯ ಓದುಗರು

ಉತ್ತರ: ಯಾವ ಟಾರ್ಚೂ ಬೇಡ, ನೀವು ಇಳಿಯಲೂ ಬೇಡಿ, ಆಳನ್ನೂ ಇಳಿಸಬೇಡಿ. ಗುಂಡಿಯಲ್ಲಿ ಮೀಥೇನ್ ಇರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 5ರಿಂದ 15 ಭಾಗ ಇದ್ದರೆ ಒಂದು ಕಿಡಿಗೆ ಸ್ಫೋಟವಾಗುತ್ತದೆ, ಸಾಮಾನ್ಯ ಟಾರ್ಚಿನ ಸ್ವಿಚ್ಚಿನಲ್ಲಿ ಆ ಕಿಡಿ ಏಳಬಹುದು. ಜೊತೆಗೆ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಕೊಳೆತ ಮೊಟ್ಟೆ ವಾಸನೆ ಬರುತ್ತದೆ, ಜಾಸ್ತಿ ಇದ್ದರೆ ಮೂಗೇ ಸತ್ತು ವಾಸನೆಯೂ ಗೊತ್ತಾಗುವುದಿಲ್ಲ, ಕ್ಷಣದಲ್ಲಿ ಪ್ರಜ್ಞೆ ಹೋಗುತ್ತದೆ. ಒಬ್ಬರು ಬಿದ್ದರೆಂದು ಇನ್ನೊಬ್ಬರು ಇಳಿದು ಇಬ್ಬರೂ ಹೋಗುವುದು ಹೀಗೆಯೇ. ಮೇಲಿನಿಂದಲೇ ಪಂಪ್ ಹಾಕಿ ತೆಗೆಸಿ, ಪ್ಲಾಂಟ್ ಕಟ್ಟಿದವರನ್ನೇ ಕರೆಸಿ. ಹಾಳು ಬಾವಿ, ಶೌಚದ ಗುಂಡಿಗೂ ಇದೇ ಮಾತು. ಶೌಚದ ಗುಂಡಿಗೆ ರಕ್ಷಣೆ ಇಲ್ಲದೆ ಆಳನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆಯ ಪ್ರಕಾರ ಅಪರಾಧ ಕೂಡ.

ಪ್ರಶ್ನೆ: ಹೊಸ ಹೆಡ್ ಟಾರ್ಚಿಗೆ ಟೈಪ್ ಸಿ ತೂತು ಇದೆ. ಆದರೆ ನನ್ನ ಫೋನಿನ ಹೊಸ ಚಾರ್ಜರ್ ಹಾಕಿದರೆ ಚಾರ್ಜೇ ಆಗುವುದಿಲ್ಲ. ಹಳೆಯ ಚಾರ್ಜರ್ ಹಾಕಿದರೆ ಆಗುತ್ತದೆ. ಟಾರ್ಚು ಹಾಳಾ? – ದಾವಣಗೆರೆ ಕಡೆಯ ಓದುಗರು

ಉತ್ತರ: ಹಾಳಾಗಿಲ್ಲ. ಎರಡೂ ತುದಿ ಟೈಪ್ ಸಿ ಇರುವ ಕೇಬಲ್‌ನಲ್ಲಿ ಚಾರ್ಜರ್ ಮೊದಲು ಆ ಕಡೆ ಏನಿದೆ ಅಂತ ನೋಡಿಕೊಂಡು ಆಮೇಲೆ ಕರೆಂಟು ಬಿಡುತ್ತದೆ. ಅದಕ್ಕೆ ಟಾರ್ಚಿನೊಳಗೆ ಎರಡು ಪುಟ್ಟ ರೆಸಿಸ್ಟರ್ ಇರಬೇಕು. ಕೆಲವು ಪೈಸೆ ಉಳಿಸಲು ಎಷ್ಟೋ ಕಂಪನಿಗಳು ಅದನ್ನು ಹಾಕುವುದಿಲ್ಲ. ಹಳೆಯ ಚಾರ್ಜರಿನ ಚಪ್ಪಟೆ ತೂತಿನಲ್ಲಿ ಈ ವಿಚಾರಣೆ ಇಲ್ಲ, 5 ವೋಲ್ಟ್ ಸದಾ ಇರುತ್ತದೆ, ಹಾಗಾಗಿ ಚಾರ್ಜ್ ಆಗುತ್ತದೆ. ಅದನ್ನೇ ಬಳಸಿ. ಮುಂದೆ ಕೊಳ್ಳುವಾಗ ಮಾತ್ರ ನಿಮ್ಮ ಚಾರ್ಜರನ್ನೂ ಕೇಬಲ್ಲನ್ನೂ ಅಂಗಡಿಗೆ ಒಯ್ದು ಹಾಕಿ ನೋಡಿ. ಆ ರೆಸಿಸ್ಟರ್ ಬಿಟ್ಟವರು ಬೇರೆ ಏನೇನು ಬಿಟ್ಟಿದ್ದಾರೋ.

ಮ್ಯಾಗ್ನೆಟ್‌ನಿಂದ ಅಂಟಿಕೊಳ್ಳುವ ಚಾರ್ಜಿಂಗ್ ಕೇಬಲ್ ನೋಡಲು ಚೆಂದ, ನೀರಿಗೂ ಒಳ್ಳೆಯದು. ಆದರೆ ಆ ಕೇಬಲ್ ಕಳೆದರೆ ಬೇರೆ ಸಿಗುವುದು ಕಷ್ಟ. ಸೆಲ್ ತೆಗೆದು ಹೊರಗೆ ಚಾರ್ಜ್ ಮಾಡಲು ಬರುತ್ತದೆ ಅಂದರೆ ಮಾತ್ರ ಅದನ್ನು ಕೊಳ್ಳಿ.

ಪ್ರಶ್ನೆ: ಮಳೆಗಾಲದಲ್ಲಿ ಹೆಡ್ ಟಾರ್ಚ್ ಹಾಕಿಕೊಂಡರೆ ಹುಳಗಳೆಲ್ಲ ಬಾಯಿ, ಮೂಗಿಗೇ ನುಗ್ಗುತ್ತವೆ. ಕೆಂಪು ಬೆಳಕಿನದು ತೆಗೆದುಕೊಂಡರೆ ಆಗುತ್ತದಾ? ನಾನು ವೈರಿಂಗ್ ಕೆಲಸದವನು. – ತೀರ್ಥಹಳ್ಳಿ ಕಡೆಯ ಓದುಗರು

ಉತ್ತರ: ಹುಳಗಳಿಗೆ ಕೆಂಪು ಬೆಳಕು ಅಷ್ಟಾಗಿ ಕಾಣುವುದಿಲ್ಲ, ಹಾಗಾಗಿ ಬರುವುದು ತುಂಬಾ ಕಡಿಮೆಯಾಗುತ್ತದೆ. ಆದರೆ ನಿಮ್ಮ ಕೆಲಸಕ್ಕೆ ಕೆಂಪು ಬೆಳಕು ಅಪಾಯ. ಆ ಬೆಳಕಿನಲ್ಲಿ ಕೆಂಪು ವೈರು, ಬಿಳಿ ವೈರು ಎರಡೂ ಒಂದೇ ತರಹ ಕಾಣುತ್ತವೆ, ಹಸಿರು ಕಪ್ಪಾಗುತ್ತದೆ. ಫೇಸ್ ಯಾವುದು, ಅರ್ತ್ ಯಾವುದು ಅಂತ ಬಣ್ಣದಿಂದ ಗುರುತಿಸುವವರು ಅದನ್ನು ನಂಬಬಾರದು. ನಿಮಗೆ ಹಳದಿ ಛಾಯೆಯ ಬೆಳಕು ಸರಿ. ಡಬ್ಬದ ಮೇಲೆ 2,700 ಅಥವಾ 3,000 ಕೆಲ್ವಿನ್ ಅಂತ ಇರುತ್ತದೆ. ಹುಳಗಳನ್ನು ಜಾಸ್ತಿ ಎಳೆಯುವುದು ಬೆಳಕಿನಲ್ಲಿರುವ ನೀಲಿ ಭಾಗ, 6,500 ಕೆಲ್ವಿನ್‌ನ ತಣ್ಣನೆ ಬಿಳಿ ಬೆಳಕಿನಲ್ಲಿ ಅದೇ ಜಾಸ್ತಿ. ಬೆಳಕನ್ನು ಕೆಲಸಕ್ಕೆ ಬೇಕಾದಷ್ಟಕ್ಕೆ ಇಳಿಸಿ, ಪಕ್ಕದಲ್ಲಿ ಸ್ವಲ್ಪ ದೂರಕ್ಕೆ ಇನ್ನೊಂದು ಜೋರು ಬಿಳಿ ಲೈಟ್ ಹಚ್ಚಿಡಿ, ಹುಳ ಅತ್ತ ಹೋಗುತ್ತವೆ. ಮೀಟರ್ ಬೋರ್ಡಿನ ಮುಂದೆ ನಿಲ್ಲುವ ನಿಮಗೆ ಲೋಹದ ಮೈಗಿಂತ ಪ್ಲಾಸ್ಟಿಕ್ ಮೈಯ ಟಾರ್ಚು ಒಳ್ಳೆಯದು ಅನ್ನುವುದನ್ನೂ ಸೇರಿಸುತ್ತೇನೆ. ಪಟ್ಟಿ ಜಾರಿ ಟಾರ್ಚು ಬೋರ್ಡಿನೊಳಗೆ ಬಿದ್ದರೆ ಅಲ್ಯೂಮಿನಿಯಂ ಎರಡು ಫೇಸನ್ನು ಮುಟ್ಟಿಸಿಬಿಡಬಹುದು.

ಪ್ರಶ್ನೆ: ಕರೆಂಟಿನ ಪ್ಲಗ್‌ಗೆ ನೇರ ಚುಚ್ಚಿ ಚಾರ್ಜ್ ಮಾಡುವ ಹಳೇ ಹೆಡ್ ಟಾರ್ಚ್ ಇದೆ. ವರ್ಷದಿಂದ ಮೂಲೆಯಲ್ಲಿತ್ತು, ಈಗ ಹತ್ತು ನಿಮಿಷವೂ ಉರಿಯುವುದಿಲ್ಲ. ರಿಪೇರಿ ಆಗುತ್ತದಾ? – ಹಾವೇರಿ ಕಡೆಯ ಓದುಗರು

ಉತ್ತರ: ಅದರಲ್ಲಿ ಲೆಡ್ ಆಸಿಡ್ ಬ್ಯಾಟರಿ ಇರುವ ಸಾಧ್ಯತೆ ಜಾಸ್ತಿ. ಖಾಲಿ ಬಿಟ್ಟರೆ ಅದರ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಡಿಯುವುದಿಲ್ಲ. 4 ವೋಲ್ಟಿನ ಅದೇ ಅಳತೆಯ ಹೊಸ ಬ್ಯಾಟರಿ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಕ್ಕರೆ ರಿಪೇರಿಯವರು ಎರಡು ವೈರ್ ಬೆಸೆದು ಕೊಡುತ್ತಾರೆ. ಆ ಜಾಗಕ್ಕೆ ಲಿಥಿಯಂ ಸೆಲ್ ಹಾಕಲು ಮಾತ್ರ ಬಿಡಬೇಡಿ. ಹಳೇ ಚಾರ್ಜಿಂಗ್ ಸರ್ಕ್ಯೂಟಿಗೆ 4.2 ವೋಲ್ಟಿನಲ್ಲಿ ನಿಲ್ಲಿಸುವುದು ಗೊತ್ತಿಲ್ಲ, ಸೆಲ್ಲು ಕಾದು ಹೊತ್ತಿಕೊಳ್ಳುತ್ತದೆ. ಚಾರ್ಜ್ ಆಗುತ್ತಿರುವಾಗ ಅದನ್ನು ತಲೆಗೆ ಕಟ್ಟಿಕೊಳ್ಳುವುದಾಗಲಿ ಬಿಚ್ಚಿ ನೋಡುವುದಾಗಲಿ ಬೇಡ, ಅಗ್ಗದವುಗಳಲ್ಲಿ 230 ವೋಲ್ಟ್ ಒಳಗಿನ ಭಾಗಗಳವರೆಗೂ ನೇರ ಬಂದಿರುತ್ತದೆ. ತೆಗೆದ ಹಳೇ ಬ್ಯಾಟರಿಯನ್ನು ಬ್ಯಾಟರಿ ಅಂಗಡಿಗೇ ಕೊಡಿ. ಅದರಲ್ಲಿ ಸೀಸ ಇದೆ, ತಿಪ್ಪೆಗೆ ಹಾಕಿದರೆ ಮಣ್ಣಿಗೂ ನೀರಿಗೂ ಸೇರುತ್ತದೆ.